ಎರಡೂ ಮಂಡಿ ಒಂದೇ ಥರ

ಮಾರ್ಚ್ ೬

ಅಕ್ಕ,

ಆ ಡಾಕ್ಟರು ನಿನಗೆ ಅನ್ಯಾಯ ಮಾಡಿದ್ದಾರೆ. ಫುಟ್‌ಬಾಲ್ ಮೈದಾನದ ನಟ್ಟನಡುವೆ ಮಂಡಿ ತಿರುಚಿ ಬಿದ್ದ ರೆಫ್ರಿಯ ಕಾಲನ್ನು ಎರಡು ಸಲ ಎಳೆದು ನೋಡಿ, ಒಂದು ಎಕ್ಸ್-ರೇ ತೆಗೆಸಿ, 'ಬರೀ ಉಳುಕು' ಎಂದು ಪಟ್ಟಿ ಸುತ್ತಿ ಮನೆಗೆ ಕಳಿಸುವುದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಹೆಸರಾಂತ ಆಟಗಾರನೊಬ್ಬ ಬಿದ್ದಿದ್ದರೆ ಹೀಗೆ ಕಳಿಸುತ್ತಿದ್ದರೇ? ಆಟಗಾರ ಬಿದ್ದರೆ ಊರೆಲ್ಲ ಎದ್ದು ನಿಲ್ಲುತ್ತದೆ. ರೆಫ್ರಿ ಬಿದ್ದರೆ ಜನ ಚಪ್ಪಾಳೆ ತಟ್ಟುತ್ತಾರೆ. ಆಸ್ಪತ್ರೆಯವರಾದರೂ ಮನುಷ್ಯಳೆಂದು ನೋಡಬೇಡವೇ?

ಫೋನಿನಲ್ಲಿ ಕೇಳಿದರೆ 'ಚೆನ್ನಾಗಿದ್ದೀನಿ ಕಣೋ, ಊಟ ಆಯ್ತಾ' ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇಲ್ಲಿ ನೀನು ನನ್ನ ಬಾಯಿ ಮುಚ್ಚಿಸುವ ಹಾಗಿಲ್ಲ.

ಈ ವಾರ ನಮ್ಮ ಬೈಂಡಿಂಗ್ ಅಂಗಡಿಗೆ ಮಡಚಲು ಒಂದು ಕರಪತ್ರದ ಕಟ್ಟು ಬಂತು. ಮಂಡಿಗೆ ಪೆಟ್ಟಾದವರು ಡಾಕ್ಟರನ್ನು ಏನೇನು ಕೇಳಬೇಕು ಎಂಬುದರ ಬಗ್ಗೆ, ನಾನು ಸಭೆಗೆ ಹೋಗುವ ರೋಗಿಗಳ ಹಕ್ಕಿನ ಕೂಟದವರು ಮಾಡಿಸಿದ್ದು. ನಿನಗೆ ಗೊತ್ತಲ್ಲ, ನನ್ನ ಕೈಗೆ ಬಂದ ಯಾವ ಹಾಳೆಯನ್ನೂ ನಾನು ಓದದೆ ಮಡಚುವುದಿಲ್ಲ. ಮೇಸ್ತ್ರಿ 'ನಿನಗೆ ಮಡಚಕ್ಕೆ ಸಂಬಳ, ಓದಕ್ಕಲ್ಲ' ಎಂದು ದಿನವೂ ಬೈಯುತ್ತಾನೆ. ಈ ಸಲ ಮಾತ್ರ ಅವನೇ ಒಂದು ಪ್ರತಿ ಜೇಬಿಗೆ ಹಾಕಿಕೊಂಡ. ಅವನ ಹೆಂಡತಿಗೂ ಮಂಡಿ ನೋವಂತೆ.

ಅದರಲ್ಲಿ ಸ್ಪಷ್ಟವಾಗಿ ಇದೆ: ಎಕ್ಸ್-ರೇ ಮೂಳೆಯನ್ನು ತೋರಿಸುತ್ತದೆ. ಲಿಗಮೆಂಟ್ ಅಂದರೆ ಮಂಡಿಯ ಒಳಗೆ ಮೇಲಿನ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಬಿಗಿದಿಟ್ಟ ಹುರಿ. ಅದು ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ. ಮೂಳೆ ಸರಿ ಇದೆ ಎಂದ ಮಾತ್ರಕ್ಕೆ ಹುರಿ ಸರಿ ಇದೆ ಎಂದಲ್ಲ. ಒಳ್ಳೆಯ ಡಾಕ್ಟರು ಮುಟ್ಟುವುದಕ್ಕೆ ಮುಂಚೆ ಮೂರು ಮಾತು ಕೇಳುತ್ತಾರಂತೆ. ಬಿದ್ದಾಗ ಒಳಗೆ ಏನಾದರೂ ಸದ್ದಾಯಿತೇ? ಊತ ಎಷ್ಟು ಬೇಗ ಬಂತು? ತಿರುಗುವಾಗ ಮಂಡಿ ಜಾರಿದ ಹಾಗೆ ಆಗುತ್ತದೆಯೇ?

ಈ ಮೂರಕ್ಕೆ ಉತ್ತರ ಬರೆ. ನಾನು ಆಸ್ಪತ್ರೆಯ ಮೇಲಧಿಕಾರಿಗೆ ದೂರು ಬರೆಯಲು ಕೂತಿದ್ದೇನೆ.

ಸಿಟ್ಟಿನಲ್ಲಿರುವ,
ನಿನ್ನ ತಮ್ಮ


ಮಾರ್ಚ್ ೧೪

ಕರಪತ್ರ ಸಾಹೇಬರಿಗೆ,

ನಿನ್ನ ಕಾಗದ ಓದಿ ನಮ್ಮ ಮನೆ ಬೆಕ್ಕು ಕೂಡ ಎದ್ದು ನಿಂತಿತು. ಸ್ವಲ್ಪ ಉಸಿರು ಬಿಡಪ್ಪ.

ಮೊದಲು, ನಾನು ಬಿದ್ದದ್ದು ಹೇಗೆ ಅಂತ ಕೇಳು. ಬಿಳಿ ಅಂಗಿಯವರು ನುಗ್ಗಿ ಬರ್ತಿದ್ದರು. ಅವರ ಎದುರಿಗೆ ಹಿಮ್ಮುಖವಾಗಿ ಓಡ್ತಿದ್ದೆ. ಚೆಂಡು ನನ್ನ ಮುಖಕ್ಕೇ ಬಂತು, ತಪ್ಪಿಸಿಕೊಳ್ಳೋಣ ಅಂತ ತಿರುಗಿದೆ. ಮೈ ತಿರುಗಿತು, ಬಲಗಾಲಿನ ಪಾದ ತಿರುಗಲಿಲ್ಲ. ಬೀಳುವಾಗಲೇ ಸೀಟಿ ಊದಿದೆ. ಹಿಂದೆ ಒಬ್ಬ ಅಂಗಿ ಹಿಡಿದು ಎಳೀತಿದ್ದ, ಅದನ್ನ ಬಿಡಕ್ಕಾಗುತ್ತಾ? ನೆಲದ ಮೇಲೆ ಮಲಗಿಕೊಂಡೇ ಹಳದಿ ಕಾರ್ಡ್ ತೋರಿಸಿದೆ. ಆ ಹುಡುಗ 'ಮೇಡಂ, ನೀವೇ ಬಿದ್ದಿದ್ದೀರ, ನಂಗ್ಯಾಕೆ ಕಾರ್ಡು' ಅಂತ ಅಳುವ ಹಾಗೆ ಕೇಳಿದ.

ಎರಡನೇದು, ಡಾಕ್ಟರಮ್ಮನಿಗೆ ಏನೂ ಅನ್ನಬೇಡ. ನಿನಗಿಂತ ನಾಲ್ಕು ವರ್ಷ ದೊಡ್ಡವಳು ಇರಬಹುದು, ಅಷ್ಟೆ. ಹೊರಗೆ ಸಾಲು ಬಾಗಿಲು ದಾಟಿ ಮೆಟ್ಟಿಲ ತನಕ ಇತ್ತು. ಆದರೂ ನನ್ನನ್ನು ಮಲಗಿಸಿ, ಬಲಗಾಲು ನೋಡಿ, ಆಮೇಲೆ ಎಡಗಾಲನ್ನೂ ಅದೇ ಥರ ಹಿಡಿದು ನೋಡಿದಳು. ಒಂದಲ್ಲ, ಎರಡು ಸಲ. 'ಎರಡೂ ಮಂಡಿ ಒಂದೇ ಥರ ಇದೆ. ನಿಮ್ಮ ಮೈಕಟ್ಟೇ ಸ್ವಲ್ಪ ಸಡಿಲ ಅನ್ಸುತ್ತೆ. ಉಳುಕಿರಬೇಕು, ಕಮ್ಮಿ ಆಗದಿದ್ರೆ ಬನ್ನಿ' ಅಂದಳು. ತೀರ್ಪು ಕೊಟ್ಟವರ ಹತ್ತಿರ ಜಗಳ ಆಡಬಾರದು ಅಂತ ವಾರ ವಾರ ಇಪ್ಪತ್ತೆರಡು ಜನಕ್ಕೆ ಹೇಳುವವಳು ನಾನು. ನಾನೇ ಆಡಲಾ?

ನಿನ್ನ ಪ್ರಶ್ನೆಗೆ ಉತ್ತರ. ಸದ್ದು ಆಯ್ತು, ಆವತ್ತಿನ ಹಾಗೇ 'ಟಪ್' ಅಂತ. ಊತ ಮನೆ ಸೇರುವಷ್ಟರಲ್ಲಿ ಬಂತು, ಪ್ಯಾಂಟು ಬಿಚ್ಚಕ್ಕೆ ಪಟ್ಟ ಪಾಡು ನನಗೇ ಗೊತ್ತು. ಜಾರುವುದು ಯಾವಾಗಲೋ ಒಂದೊಂದು ಸಲ, ಮೆಟ್ಟಿಲ ತಿರುವಿನಲ್ಲಿ.

ಈಗ ಒಳ್ಳೆ ಸುದ್ದಿ. ಮೇ ತಿಂಗಳ ಫೈನಲ್ಲಿಗೆ ರೆಫ್ರಿ ಅಂತ ನನ್ನ ಹೆಸರು ಹಾಕಿದ್ದಾರೆ. ಇಷ್ಟು ವರ್ಷದಲ್ಲಿ ಮೊದಲನೇ ಸಲ. ಏಪ್ರಿಲ್ ಕೊನೆಗೆ ಓಟದ ಪರೀಕ್ಷೆ, ಅದು ಪಾಸಾದರೆ ಆಯ್ತು. ಅಲ್ಲಿ ಕೊಡಕ್ಕೆ ಡಾಕ್ಟರಮ್ಮ 'ಉಳುಕು' ಅಂತ ಬರೆದ ಚೀಟಿ ಇದೆ. ಅದಕ್ಕೇ ಹೇಳ್ತೀನಿ, ದೂರು ಗೀರು ಬೇಡ.

ಬೆಳಗ್ಗೆ ಬರೀ ಚಹಾ ಕುಡಿದು ಹೋಗ್ತೀಯ ಅಂತ ಗೊತ್ತು. ಏನಾದರೂ ತಿನ್ನು.

ಅಕ್ಕ


ಮಾರ್ಚ್ ೧೯

ಅಕ್ಕ,

ದೂರು ನಿನ್ನ ಕಾಗದ ಬರುವ ಮುಂಚೆಯೇ ಹೋಗಿದೆ. ಎರಡು ಪುಟ. ಎಲ್ಲೂ ಅಸಭ್ಯ ಮಾತಿಲ್ಲ. 'ನಿರ್ಲಕ್ಷ್ಯ' ಎಂಬ ಪದ ಮಾತ್ರ ಸ್ವಲ್ಪ ಜಾಸ್ತಿ ಇದೆ ಎಂದು ಕೂಟದ ಕಾರ್ಯದರ್ಶಿ ಹೇಳಿದರು.

ಫೈನಲ್ಲಿನ ಸುದ್ದಿ ಓದಿ ಮಡಚುವ ಮೇಜು ಗುದ್ದಿ ಕೂಗಿದೆ. ಮೇಸ್ತ್ರಿ ಅಂಟಿನ ಡಬ್ಬ ಬೀಳಿಸಿಕೊಂಡ. ಆದರೆ ಆ ಸಂತೋಷವನ್ನು ನೀನೇ ಹಾಳು ಮಾಡಿದ್ದೀಯ. ಮೂರು ಪ್ರಶ್ನೆಗೂ ನೀನು ಕೊಟ್ಟ ಉತ್ತರ ಹರಿದ ಲಿಗಮೆಂಟಿನವರು ಕೊಡುವ ಉತ್ತರ. ಸದ್ದು, ಆ ದಿನವೇ ಊತ, ತಿರುವಿನಲ್ಲಿ ಜಾರುವುದು. ಹುರಿ ಹರಿದಾಗ ಒಳಗೆ ರಕ್ತ ಸುರಿಯುತ್ತದೆ, ಅದಕ್ಕೇ ಅಷ್ಟು ಬೇಗ ಊದುತ್ತದೆ. ಉಳುಕಾದರೆ ಸಾಮಾನ್ಯವಾಗಿ ಮಾರನೆಯ ದಿನ ನಿಧಾನವಾಗಿ ಬರುತ್ತದಂತೆ.

ಅವರು ಕಾಲು ಎಳೆದು ನೋಡಿದ್ದು ಏನೆಂದು ನಾನು ಗ್ರಂಥಾಲಯದಲ್ಲಿ ಕೂತು ಓದಿಕೊಂಡೆ. ರೋಗಿಯನ್ನು ಮಲಗಿಸಿ, ಮಂಡಿಯನ್ನು ಸ್ವಲ್ಪವೇ ಮಡಚಿ, ಒಂದು ಕೈಯಲ್ಲಿ ತೊಡೆ ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯಬೇಕು. ಹುರಿ ಇದ್ದರೆ ಸ್ವಲ್ಪ ಬಂದು ಗಕ್ಕನೆ ನಿಲ್ಲುತ್ತದೆ. ಹರಿದಿದ್ದರೆ ಜಾಸ್ತಿ ಬರುತ್ತದೆ, ನಿಲ್ಲುವುದೂ ಮೆತ್ತಗೆ. ಜಾಸ್ತಿ ಎಂದರೆ ಎಷ್ಟು? ಅದಕ್ಕೇ ಇನ್ನೊಂದು ಕಾಲನ್ನು ನೋಡುವುದು. ಒಬ್ಬೊಬ್ಬರ ಮೈ ಒಂದೊಂದು ಥರ ಇರುತ್ತದೆ, ಹಾಗಾಗಿ ಅವರವರ ಒಳ್ಳೆಯ ಕಾಲೇ ಅವರಿಗೆ ಅಳತೆಗೋಲು.

ಇಷ್ಟು ತಿಳಿದೂ ನೀನು ಓಡಿದರೆ ಏನಾಗುತ್ತದೆ ಗೊತ್ತೇ? ಎರಡು ಮೂಳೆಗಳ ನಡುವೆ ಮೆತ್ತೆಯಂಥದ್ದೊಂದು ಇದೆ. ಹುರಿಯಿಲ್ಲದ ಮಂಡಿ ಜಾರಿದಾಗೆಲ್ಲ ಅದು ಜಜ್ಜಿಹೋಗುತ್ತದೆ. ಅದು ಹೋದರೆ ಫೈನಲ್ ಇರಲಿ, ಮಕ್ಕಳ ಆಟಕ್ಕೂ ನೀನು ಸೀಟಿ ಊದುವ ಹಾಗಿಲ್ಲ.

ಇನ್ನೊಂದು ಮಾತು. 'ಆವತ್ತಿನ ಹಾಗೇ ಟಪ್ ಅಂತ' ಎಂದು ಬರೆದಿದ್ದೀಯ. ಆವತ್ತು ಅಂದರೆ ಯಾವತ್ತು?

ತಮ್ಮ


ಮಾರ್ಚ್ ೩೦

ತಮ್ಮಣ್ಣ,

ನಿನ್ನ ವಿದ್ಯೆಯನ್ನು ಪರೀಕ್ಷೆ ಮಾಡೇಬಿಟ್ಟೆ. ಗೆರೆ ಪಕ್ಕ ಬಾವುಟ ಹಿಡಿದು ಓಡ್ತಾರಲ್ಲ, ನನ್ನ ಜೊತೆಯ ಲೈನ್ಸ್‌ಮನ್, ಅವರನ್ನು ನೀನು ನೋಡಿದ್ದೀಯ. ಕಿವಿಯಲ್ಲಿ ಕೂದಲು ಇರುವವರು. ನಾವೆಲ್ಲ ಅವರನ್ನ 'ಬಾವುಟದಣ್ಣ' ಅಂತೀವಿ. ಬಟ್ಟೆ ಬದಲಾಯಿಸುವ ಕೋಣೆಯ ಬೆಂಚಿನ ಮೇಲೆ ಮಲಗಿ, ನಿನ್ನ ಕಾಗದ ಅವರ ಕೈಗೆ ಕೊಟ್ಟೆ.

'ಏನಮ್ಮಾ ಇದು, ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?'

'ರೆಫ್ರಿನ ರಿಪೇರಿ ಮಾಡ್ತಿದ್ದಾರೆ ಅಂದ್ಕೋತಾರೆ. ಎಳೀರಿ.'

ಅವರು ದೇವರ ವಿಗ್ರಹ ಹಿಡಿಯುವ ಹಾಗೆ ನನ್ನ ಕಾಲು ಹಿಡಿದರು. 'ಎಳೆದೆ.' 'ಎಳೆದಿಲ್ಲ ಅಣ್ಣ, ನೀವು ಸವರ್ತಾ ಇದ್ದೀರ.' ಆಮೇಲೆ ಬಲವಾಗಿ ಎಳೆದರು. ಎಡಗಾಲನ್ನೂ ಎಳೆದರು. ಕನ್ನಡಕ ಸರಿ ಮಾಡಿಕೊಂಡು, ಆಫ್‌ಸೈಡು ಹೇಳುವಷ್ಟೇ ಗಂಭೀರವಾಗಿ, 'ಎರಡೂ ಒಂದೇ ಥರ ಕಣಮ್ಮ' ಅಂದರು. ನೋಡಿದೆಯಾ? ಡಾಕ್ಟರಮ್ಮ ಹೇಳಿದ್ದೂ ಅದೇ. ಇಬ್ಬರು ಅಧಿಕಾರಿಗಳು ಒಂದೇ ತೀರ್ಪು ಕೊಟ್ಟ ಮೇಲೆ ಮುಗೀತು.

ಓಡುವುದನ್ನೂ ಶುರು ಮಾಡಿದ್ದೀನಿ. ನೇರಕ್ಕೆ ಓಡಿದರೆ ಏನೂ ಇಲ್ಲ. ನಿನ್ನೆ ಮೂಲೆಯ ಬಾವುಟದ ಹತ್ತಿರ ತಿರುಗುವಾಗ ಮಾತ್ರ ಒಂಚೂರು ಕೂರಬೇಕಾಯ್ತು. ಕಾವಲುಗಾರ ಓಡಿ ಬಂದ. ಲೇಸು ಕಟ್ಟಿಕೊಳ್ತಿದ್ದೀನಿ ಅಂದೆ. ನನ್ನ ಶೂಗೆ ಲೇಸೇ ಇಲ್ಲ, ಪಟ್ಟಿ ಇದೆ, ಪಾಪ ಅವನು ಗಮನಿಸಲಿಲ್ಲ.

ನಿನ್ನ ಅಂಗಿಯ ಕಾಲರ್ ಹರಿದಿತ್ತು, ಹೊಸದು ತಗೊಂಡೆಯಾ?

ಅಕ್ಕ


ಏಪ್ರಿಲ್ ೫

ಅಕ್ಕ,

ಕಾಲರಿನ ಮಾತು ಬಿಡು. ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ.

ಆಸ್ಪತ್ರೆಯಿಂದ ನನಗೆ ಜವಾಬು ಬಂದಿದೆ. ಆ ಡಾಕ್ಟರಮ್ಮನೇ ಬರೆದಿದ್ದಾರೆ, ಕೈಬರಹದಲ್ಲಿ. ನನ್ನ ಬೈಗುಳಕ್ಕೆ ಬೈಗುಳ ಇಲ್ಲ. 'ಮುಂಚೆ ಎರಡರಲ್ಲಿ ಯಾವ ಮಂಡಿಗಾದರೂ ಪೆಟ್ಟಾಗಿತ್ತೇ ಎಂದು ಕೇಳಿದ್ದೆ, ಇಲ್ಲ ಎಂದರು. ಎರಡೂ ಕಡೆ ಸಮವಾಗಿ ಕಂಡಿತು. ಮಂಡಿ ಜಾರುತ್ತಿದ್ದರೆ ದಯವಿಟ್ಟು ಕಳಿಸಿ, ಮತ್ತೆ ನೋಡುತ್ತೇನೆ.' ಇಷ್ಟೇ. ಓದಿ ನನ್ನ ಕಿವಿ ಬಿಸಿಯಾಯಿತು.

ನಿನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗಡಿಯವರನ್ನೆಲ್ಲ ಒಬ್ಬೊಬ್ಬರಾಗಿ ಮಡಚುವ ಮೇಜಿನ ಮೇಲೆ ಮಲಗಿಸಿ ಮಂಡಿ ಎಳೆದೆ. ಹೊಲಿಗೆ ಹಾಕುವ ಅಜ್ಜಿಯಿಂದ ಹಿಡಿದು ಕತ್ತರಿಸುವ ಯಂತ್ರದವನ ತನಕ. 'ಇವನಿಗೆ ಓದಿ ಓದಿ ತಲೆ ಕೆಟ್ಟಿದೆ, ಎಳೆಸ್ಕೊಳ್ಳಿ, ಇಲ್ಲಾಂದ್ರೆ ಭಾಷಣ ಮಾಡ್ತಾನೆ' ಎಂದು ಮೇಸ್ತ್ರಿ ಎಲ್ಲರಿಗೂ ಹೇಳಿದ. ಎಲ್ಲರ ಮಂಡಿಯೂ ಗಕ್ಕನೆ ನಿಂತಿತು. ಕೊನೆಗೆ ಮೇಸ್ತ್ರಿಯ ಸರದಿ ಬಂತು. 'ಯಾವ ಕಾಲು?' ಅಂದ. 'ಒಳ್ಳೇದು ಯಾವುದು?' ಅಂದೆ. 'ಒಳ್ಳೇದು ಅಂತ ನಿಂಗೆ ಯಾರು ಹೇಳಿದ್ರು? ನಂದು ಎರಡೂ ಹೋಗಿದೆ' ಎಂದು ನಕ್ಕ.

ಅವನು ತಮಾಷೆಗೆ ಅಂದದ್ದು. ನಾನು ಅಲ್ಲೇ ನಿಂತುಬಿಟ್ಟೆ.

ಅಳತೆಗೋಲೇ ಮುರಿದಿದ್ದರೆ, ಅಕ್ಕ? ಒಳ್ಳೆಯ ಕಾಲು ಎಂದು ಎಲ್ಲರೂ ನಂಬಿದ ಕಾಲು ಒಳ್ಳೆಯದಲ್ಲದಿದ್ದರೆ? ಆಗ ಎರಡೂ ಒಂದೇ ಥರ ಇರುತ್ತವೆ. ಡಾಕ್ಟರಿಗೂ ಹಾಗೇ ಕಾಣುತ್ತದೆ, ಬಾವುಟದಣ್ಣನಿಗೂ ಹಾಗೇ ಕಾಣುತ್ತದೆ.

ಆವತ್ತು ಟಪ್ ಅಂದದ್ದು ಯಾವ ಕಾಲು?

ತಮ್ಮ


ಏಪ್ರಿಲ್ ೧೬

ಅಕ್ಕ,

ನಿನ್ನ ಕಾಗದ ಬಂದಿಲ್ಲ. ಫೋನಿನಲ್ಲಿ ನೀನು ಹವಾಮಾನದ ಬಗ್ಗೆ ಅಷ್ಟು ಹೊತ್ತು ಮಾತಾಡಿದೆ. ಹವಾಮಾನದ ಬಗ್ಗೆ ನೀನು ಇದುವರೆಗೆ ಮಾತಾಡಿದವಳೇ ಅಲ್ಲ.

ನಾನು ಸಿಟ್ಟು ಮಾಡಿಕೊಂಡಿಲ್ಲ. ಕೇಳುತ್ತಿದ್ದೇನೆ, ಅಷ್ಟೇ.

ತಮ್ಮ


ಏಪ್ರಿಲ್ ೨೧

ಪುಟ್ಟ,

ಎಡಗಾಲು.

ಬರೆಯಕ್ಕೆ ಕೂತು ಎದ್ದು, ಕೂತು ಎದ್ದು, ಇವತ್ತು ಆಗಿದ್ದಾಗಲಿ ಅಂತ ಬರೀತಿದ್ದೀನಿ. ನನಗೆ ಆಗ ಇಪ್ಪತ್ತೆರಡು. ಅಮ್ಮ ಹೋಗಿ ವರ್ಷ ತುಂಬಿರಲಿಲ್ಲ. ಅಪ್ಪ ಹಡಗಿನ ಕೆಲಸದಲ್ಲಿ, ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ನೀನು ನಾಲ್ಕು ವರ್ಷದವನು. ನಾನು ಊರಿನ ತಂಡಕ್ಕೆ ಆಡ್ತಿದ್ದೆ, ಎಡಗಡೆ ಮುಂದೆ. ಚೆನ್ನಾಗೇ ಆಡ್ತಿದ್ದೆ ಕಣೋ. ಅದನ್ನ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಒಂದು ಮ್ಯಾಚಿನಲ್ಲಿ ಯಾರೂ ಮುಟ್ಟದೆ, ನಾನೇ ತಿರುಗುವಾಗ, ಟಪ್ ಅಂತು. ಬದಲಿ ಆಟಗಾರರು ಇರಲಿಲ್ಲ, ಎದ್ದು ಕೊನೇ ತನಕ ಆಡಿದೆ. ಆ ರಾತ್ರಿಗೇ ಮಂಡಿ ಕುಂಬಳಕಾಯಿ ಆಗಿತ್ತು.

ಡಾಕ್ಟರ ಹತ್ತಿರ ಹೋದರೆ ಮಲಗು ಅಂತಾರೆ. ಮಲಗಿದರೆ ನಿನ್ನನ್ನು ಶಿಶುವಿಹಾರಕ್ಕೆ ಬಿಡುವವರು ಯಾರು? ನಮ್ಮದು ಮೂರನೇ ಮಹಡಿ, ನೀನೋ ಮೆಟ್ಟಿಲು ಕಂಡರೆ ನೆಲಕ್ಕೆ ಅಂಟಿಕೊಳ್ಳುವ ಹುಡುಗ. ಎತ್ತಿಕೊಂಡೇ ಹತ್ತಬೇಕು, ಎತ್ತಿಕೊಂಡೇ ಇಳೀಬೇಕು. ಒಂದೊಂದು ಸಲ ತಿರುವಿನಲ್ಲಿ ಮಂಡಿ ಜಾರಿ ನಾವಿಬ್ಬರೂ ಗೋಡೆಗೆ ತಗಲುತ್ತಿದ್ದೆವು. ಆಟ ಅಂದುಕೊಂಡು ನೀನು ಕೇಕೆ ಹಾಕಿ ನಗ್ತಿದ್ದೆ. 'ಅಕ್ಕಾ, ಇನ್ನೊಂದ್ಸಲ' ಅಂತಿದ್ದೆ.

ಸ್ವಲ್ಪ ದಿನಕ್ಕೆ ಊತ ಇಳೀತು. ಆಡಕ್ಕೆ ಹೋದೆ, ತಿರುಗಿದಾಗೆಲ್ಲ ಕಾಲು ಕೈ ಕೊಡ್ತಿತ್ತು. ಒಂದು ದಿನ ರೆಫ್ರಿ ಬರಲಿಲ್ಲ, ಕೋಚ್ ನನ್ನ ಕೈಗೆ ಸೀಟಿ ಕೊಟ್ಟು 'ಸುಮ್ನೆ ಕೂತಿದ್ದೀಯಲ್ಲ, ನೀನೇ ಆಡ್ಸು' ಅಂದರು. ಹಾಗೆ ಶುರುವಾದದ್ದು. 'ನಮ್ಮಕ್ಕ ನ್ಯಾಯಕ್ಕೋಸ್ಕರ ಆಟ ಬಿಟ್ಟಳು' ಅಂತ ನೀನು ಎಲ್ಲರ ಹತ್ತಿರ ಹೇಳ್ತೀಯ. ನಾನು ತಿದ್ದಲಿಲ್ಲ. ಕೇಳಕ್ಕೆ ಚೆನ್ನಾಗಿತ್ತು.

ಡಾಕ್ಟರಮ್ಮ ಕೇಳಿದ್ದು ನಿಜ. ಇಲ್ಲ ಅಂದದ್ದೂ ನಿಜ. ಸುಳ್ಳು ಹೇಳಬೇಕು ಅಂತ ಹೇಳಲಿಲ್ಲ ಪುಟ್ಟ. ನಮ್ಮ ಕೆಲಸದಲ್ಲಿ ಬಿದ್ದವನು ತಾನೇ ಎದ್ದು ಓಡಿದರೆ, ಎರಡು ಕೈ ಮುಂದೆ ಚಾಚಿ 'ಆಟ ನಡೀಲಿ' ಅಂತೀವಿ. ಆಮೇಲೆ ಅದು ಆಗೇ ಇಲ್ಲ ಅಂತಲೇ ಲೆಕ್ಕ. ಎಷ್ಟು ವರ್ಷದಿಂದ ಹಾಗೆ ಕೈ ಚಾಚಿದ್ದೀನೋ. ನಾನು ಆವತ್ತು ಎದ್ದಿದ್ದೆ, ಓಡಿದ್ದೆ. ಆಕೆ ಕೇಳಿದಾಗ ಅದು ಪೆಟ್ಟು ಅಂತ ನನ್ನ ತಲೆಗೇ ಬರಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಬಂತು. ಬಂದ ಮೇಲೂ ಸುಮ್ಮನಿದ್ದೆ.

ಯಾಕೆ ಅಂತ ನಿನಗೆ ಗೊತ್ತು. ನಾನು ಬಾಯಿ ಬಿಡದಿದ್ದರೆ 'ಉಳುಕು' ಅನ್ನುವ ಚೀಟಿ ಚೀಟಿಯಾಗೇ ಇರುತ್ತೆ. ಓಟದ ಪರೀಕ್ಷೆಯಲ್ಲಿ ಓಡುವುದೆಲ್ಲ ನೇರಕ್ಕೆ. ಫೈನಲ್ ಒಂದೇ ಒಂದು ಆಟ. ಬಾಯಿ ಬಿಟ್ಟರೆ ಅದು ಬೇರೆಯವರ ಪಾಲಾಗುತ್ತೆ.

ಅಕ್ಕ


ಏಪ್ರಿಲ್ ೨೪

ಅಕ್ಕ,

ನಿನ್ನ ಕಾಗದವನ್ನು ಅಂಗಡಿಯ ಹಿಂದಿನ ರದ್ದಿ ಕೋಣೆಯಲ್ಲಿ ಕೂತು ಓದಿದೆ. ಮೇಸ್ತ್ರಿ ಹುಡುಕಿಕೊಂಡು ಬಂದವನು ನನ್ನ ಮುಖ ನೋಡಿ, ಬಾಗಿಲು ಎಳೆದುಕೊಂಡು ಹೋದ.

ಮೊದಲು ನಿನಗೆ ಉದ್ದದ ಕಾಗದ ಬರೆದೆ. ಮಕ್ಕಳನ್ನು ಬೆಳೆಸುವ ಹೆಣ್ಣುಮಕ್ಕಳ ಮೈಯನ್ನು ಈ ಸಮಾಜ ಹೇಗೆ ಸವೆಸುತ್ತದೆ ಎಂದು. ಒಳ್ಳೆಯ ಮಾತುಗಳೇ ಇದ್ದವು. ಮತ್ತೆ ಓದಿದಾಗ ಅದರಲ್ಲಿ ನೀನು ಎಲ್ಲೂ ಇರಲಿಲ್ಲ. ಹರಿದು ಹಾಕಿದೆ.

ಕೂಟದ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ ಅಕ್ಕ, 'ನನ್ನ ಅಕ್ಕ ಗೋಲು ಹೊಡೆಯುವುದಕ್ಕಿಂತ ನ್ಯಾಯ ದೊಡ್ಡದು ಎಂದು ಆಟ ಬಿಟ್ಟವಳು' ಎಂದು. ಜನ ಚಪ್ಪಾಳೆ ಹೊಡೆದರು. ನಾನು ಇಂಥವನಾದದ್ದೇ ಆ ಕಥೆ ನಂಬಿ. ಅದಕ್ಕೆ ನನಗೆ ಬೇಜಾರಿಲ್ಲ. ಆದರೆ ನೀನು ಎಡಗಡೆ ಮುಂದೆ ಹೇಗೆ ಆಡುತ್ತಿದ್ದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲವಲ್ಲ. ಎಷ್ಟು ಗೋಲು ಹೊಡೆದಿದ್ದೆ? ಯಾವ ಬಣ್ಣದ ಅಂಗಿ? ಸಿಕ್ಕಾಗ ಎಲ್ಲ ಹೇಳಬೇಕು.

ಡಾಕ್ಟರಮ್ಮನಿಗೆ ಕ್ಷಮೆ ಕೇಳಿ ಬರೆದಿದ್ದೇನೆ. ನಿನ್ನ ವಿಷಯ ಒಂದಕ್ಷರವೂ ಅದರಲ್ಲಿಲ್ಲ. ಅದು ನೀನು ಹೇಳಬೇಕಾದದ್ದು, ಇಲ್ಲವೇ ಹೇಳದೆ ಇರಬೇಕಾದದ್ದು.

ಯಾಕೆಂದರೆ ಫೈನಲ್ ನಿನ್ನದು. ಅದನ್ನು ಬಿಡು ಎಂದು ಹೇಳುವ ಹಕ್ಕು ಬೇರೆ ಯಾರಿಗಿದ್ದರೂ ನನಗಿಲ್ಲ. ನನ್ನ ಸಲುವಾಗಿ ನೀನು ಒಂದು ಆಟ ಆಗಲೇ ಬಿಟ್ಟಿದ್ದೀಯ. ನನಗೆ ಭಯವಾಗುತ್ತಿದೆ ಎಂದು ಮಾತ್ರ ಹೇಳುತ್ತೇನೆ. ಆ ಮೈದಾನದ ಮಧ್ಯೆ ನೀನು ತಿರುಗುವ ಪ್ರತಿ ಸಲವೂ ನಾನು ಇಲ್ಲಿ ಕಣ್ಣು ಮುಚ್ಚಿಕೊಂಡಿರುತ್ತೇನೆ. ಆದರೂ ನಿನ್ನ ತೀರ್ಮಾನ ಏನಿದ್ದರೂ ನಾನು ನಿನ್ನ ಕಡೆ.

ಅಂಗಿ ತಗೊಂಡೆ. ನೀಲಿಯದು.

ನಿನ್ನ ತಮ್ಮ


ಮೇ ೯

ಪುಟ್ಟ,

ನೀನು 'ಆಸ್ಪತ್ರೆಗೆ ಹೋಗು' ಅಂದಿದ್ದರೆ ನಾನು ಹೋಗ್ತಿರಲಿಲ್ಲ. ಜಗಳ ಆಡಕ್ಕೆ ಎಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದೆ. ನೀನು ಎದುರಿಗೇ ನಿಲ್ಲಲಿಲ್ಲ, ಇನ್ನು ಯಾರ ಹತ್ತಿರ ಆಡಲಿ?

ಓಟದ ಪರೀಕ್ಷೆಯ ಹಿಂದಿನ ದಿನ ಆಸ್ಪತ್ರೆಗೆ ಹೋದೆ. ಅದೇ ಕೋಣೆ, ಅದೇ ಡಾಕ್ಟರಮ್ಮ. 'ಓ, ತಮ್ಮನ ಅಕ್ಕ' ಅಂದಳು. ನಿನ್ನ ಎರಡು ಕಾಗದವನ್ನೂ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾಳೆ, ಬೈದದ್ದು ಒಂದು ಕಡೆ, ಕ್ಷಮೆ ಕೇಳಿದ್ದು ಒಂದು ಕಡೆ. 'ಬೈದಿದ್ರಲ್ಲೇ ಬರವಣಿಗೆ ಚೆನ್ನಾಗಿದೆ' ಅಂದಳು. ನಾನು ಎಡಗಾಲಿನ ವಿಷಯ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟಳು. ಆಮೇಲೆ, 'ಮಲಕ್ಕೊಳ್ಳಿ' ಅಂದಳು.

ಈ ಸಲ ತುಂಬ ನಿಧಾನ. 'ಕಾಲು ಬಿಗಿ ಹಿಡೀತಿದ್ದೀರ, ಬಿಡಿ. ತೊಡೆ ನನ್ನ ಕೈಗೆ ಬಿಟ್ಟುಬಿಡಿ. ತಮ್ಮ ಏನ್ ಕೆಲ್ಸ ಮಾಡ್ತಾನೆ?' ಅಂತ ಮಾತಿಗೆ ಎಳೆದಳು. ನಾನು ನಿನ್ನ ಮೇಸ್ತ್ರಿಯ ಕಥೆ ಹೇಳಿ ನಗುವಾಗ ಎಳೆದಳು. ಬಲಗಾಲು, ಎಡಗಾಲು, ಮತ್ತೆ ಬಲಗಾಲು. 'ಮೊದಲ ಸಲ ನಾನು ಎಷ್ಟು ಮುಂದೆ ಬರುತ್ತೆ ಅನ್ನೋದು ಎರಡೂ ಕಡೆ ಸಮ ಇದೆಯಾ ಅಂತ ನೋಡ್ದೆ. ಕೊನೇಲಿ ನಿಲ್ಲುತ್ತಾ ಅಂತ ಸರಿಯಾಗಿ ನೋಡ್ಲಿಲ್ಲ. ಎರಡೂ ನಿಲ್ತಿಲ್ಲ' ಅಂದಳು. 'ನೀವು ಹೇಳಲಿಲ್ಲ, ನಾನು ಹುಡುಕಲಿಲ್ಲ' ಅಂತ ಹೇಳಿ, ಸ್ಕ್ಯಾನಿಗೆ ಬರೆದುಕೊಟ್ಟಳು.

ಸ್ಕ್ಯಾನು ಅಂದರೆ ಕೊಳವೆ ಕಣೋ. ಸೊಂಟದ ತನಕ ಒಳಗೆ ತಳ್ಳಿ ಅಲುಗಬೇಡಿ ಅಂತಾರೆ. ಒಳಗೆ ಯಾರೋ ತಗಡಿನ ಶೆಡ್ಡು ಒಡೆಯುವ ಸದ್ದು. ಚಿತ್ರ ಬಂದ ಮೇಲೆ ಡಾಕ್ಟರಮ್ಮ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದಳು. ಬಲಗಾಲಿನಲ್ಲಿ ಹುರಿ ಇರಬೇಕಾದ ಕಡೆ ಕಿತ್ತ ದಾರದ ಹಾಗೆ ಇತ್ತು. ಎಡಗಾಲಿನಲ್ಲಿ ಅದೂ ಇಲ್ಲ, ಬರೀ ಖಾಲಿ. ಮೆತ್ತೆ ಎರಡರಲ್ಲೂ ಉಳಿದಿದೆಯಂತೆ. ಬಲಗಡೆ ಅಂಚಿನಲ್ಲಿ ಸ್ವಲ್ಪ ಹರಿದಿದೆ, ಅಷ್ಟೆ. 'ಇನ್ನೊಂದು ಆಟ ಆಡಿಸಿದ್ರೆ ಹೀಗೆ ಹೇಳಕ್ಕೆ ಆಗ್ತಿರಲಿಲ್ಲ' ಅಂದಳು. ಎಡಗಾಲು ಇಷ್ಟು ವರ್ಷ ಹೇಗೆ ತಡೀತು ಅಂತ ಆಕೆಗೇ ಆಶ್ಚರ್ಯ. ತೊಡೆಯ ಸ್ನಾಯು ಹಿಡಿದು ನಿಲ್ಲಿಸಿದೆಯಂತೆ. 'ಏನು ವ್ಯಾಯಾಮ ಮಾಡ್ತಿದ್ರಿ?' ಅಂತ ಕೇಳಿದಳು. ಮೂರನೇ ಮಹಡಿ, ಕಂಕುಳಲ್ಲಿ ಒಬ್ಬ ದಢೂತಿ, ದಿನಕ್ಕೆ ನಾಲ್ಕು ಸಲ, ಅಂದೆ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೇ ರೆಫ್ರಿಗಳ ಸಂಘಕ್ಕೆ ಫೋನ್ ಮಾಡಿದೆ. ಫೈನಲ್ ಬೇರೆಯವರಿಗೆ ಕೊಡಿ ಅಂದೆ. ಹೇಳುವ ತನಕ ಧೈರ್ಯ ಇತ್ತು, ಇಟ್ಟ ಮೇಲೆ ಇರಲಿಲ್ಲ. ಬಾವುಟದಣ್ಣ ಸಂಜೆ ಮನೆಗೆ ಬಂದು ಬೆಕ್ಕಿಗೆ ಬಿಸ್ಕತ್ತು ಹಾಕ್ತಾ ಕೂತಿದ್ದರು.

ಮೊನ್ನೆ ದೊಡ್ಡ ಸರ್ಜನ್ ನೋಡಿದರು. ಬಲಗಾಲಿಗೆ ಆಪರೇಶನ್ ಮಾಡಿ ಬೇರೆ ಹುರಿ ಕೂರಿಸಬಹುದಂತೆ. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಇಲ್ಲದಿದ್ದರೆ ಆಪರೇಶನ್ ಇಲ್ಲದೆ ವ್ಯಾಯಾಮ ಒಂದೇ ಮಾಡಿಕೊಂಡು, ಓಟ ಬಿಟ್ಟು, ನಡೆಯುವುದಕ್ಕೆ ಏನೂ ತೊಂದರೆ ಇಲ್ಲದ ಹಾಗೆ ಇರಬಹುದಂತೆ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದೆ. 'ಅದು ನಿಮ್ಮ ಮೇಲೆ ನಿಂತಿದೆ. ನಿಮಗೆ ಈ ಕಾಲುಗಳಿಂದ ಏನು ಬೇಕು?' ಅಂದರು.

ಪುಟ್ಟ, ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿದ್ದೇ ಇಲ್ಲ. ಏನು ಆಗಬೇಕಿತ್ತೋ ಅದನ್ನ ಮಾಡಿಕೊಂಡು ಬಂದೆ, ಏನು ಬೇಕು ಅಂತ ಯೋಚನೆ ಮಾಡುವ ರೂಢಿ ನನಗಿಲ್ಲ. 'ಮುಂದಿನ ಸಲ ಬಂದಾಗ ಹೇಳ್ತೀನಿ' ಅಂದು ಎದ್ದು ಬಂದೆ.

ಮನೆಯಲ್ಲಿ ಒಬ್ಬಳೇ ಕೂತಾಗ ಉತ್ತರ ಬಂತು. ಓಡಬೇಕು. ಜೋರಾಗಿ ಹೇಳಿ ನೋಡಿದೆ, ನಾಚಿಕೆ ಆಯ್ತು. ಈ ವಯಸ್ಸಿನಲ್ಲಿ, ಇಂಥ ಕಾಲಿಟ್ಟುಕೊಂಡು. ಸರ್ಜನ್ ಎದುರಿಗೆ ಕೂತರೆ 'ನಡೆದರೆ ಸಾಕು ಡಾಕ್ಟರೇ' ಅಂತ ನನ್ನ ಬಾಯಿ ತಾನೇ ಹೇಳಿಬಿಡುತ್ತೆ, ನನಗೆ ಗೊತ್ತು. ಪಕ್ಕದಲ್ಲಿ ನೀನು ಕೂತಿದ್ದರೆ ಹಾಗೆ ಹೇಳಲಾರೆ.

ಸೋಮವಾರ ಬಾ. ಹದಿನೇಳನೇ ತಾರೀಖು, ಬೆಳಗ್ಗೆ ಹತ್ತೂವರೆಗೆ, ಆಸ್ಪತ್ರೆಯ ಮೊದಲನೇ ಮಹಡಿಯಲ್ಲಿ, ಮೂಳೆ ವಿಭಾಗದ ಬಾಗಿಲ ಎದುರಿಗೆ ಇರುವ ಬೆಂಚಿನ ಹತ್ತಿರ.

ಅಕ್ಕ